ಸೀರೆ ಮಡಿಕೆ, ಪೈಪ್ ಮಡಿಕೆ

ಇವತ್ತು ಮಗಳ ಜೊತೆ ಅಗ್ನಿಶಾಮಕ ಠಾಣೆಗೆ ಹೋಗಿದ್ದೆ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಅಲ್ವಾ. 1944ರ ಇದೇ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಜೀವ ಕೊಟ್ಟ ಸಿಬ್ಬಂದಿಯ ನೆನಪಿಗೆ.

ಠಾಣೆಯವರು ಬೆಂಕಿ ಆರಿಸಿ ತೋರಿಸಿದ್ದಕ್ಕಿಂತ ಆಮೇಲೆ ಪೈಪ್ ಸುತ್ತಿಟ್ಟದ್ದೇ ನನಗೆ ಜಾಸ್ತಿ ಹಿಡಿಸಿತು. ಮೊದಲು ನೀರೆಲ್ಲ ಹಿಂಡಿದರು. ಉದ್ದಕ್ಕೆ ಹಾಸಿ ಅರ್ಧಕ್ಕೆ ಮಡಚಿದರು. ಮಡಿಕೆಯ ಕಡೆಯಿಂದ ಬಿಗಿಯಾಗಿ ಸುತ್ತುತ್ತಾ ಬಂದರು. ಹಾಗೆ ಸುತ್ತಿದರೆ ಎರಡು ಕಪ್ಲಿಂಗೂ, ಅಂದರೆ ಪೈಪಿಗೆ ಪೈಪು ಜೋಡಿಸುವ ತುದಿಗಳು, ಹೊರಗೇ ಇರುತ್ತವೆ. ತುದಿ ಹಿಡಿದು ಉರುಳಿಸಿದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೊಗೆಯ ನಡುವೆ ಗಂಟು ಬಿಡಿಸಲು ಯಾರಿಗೆ ಪುರುಸೊತ್ತು?

ಅಮೆರಿಕದ ವಾಹನಗಳಲ್ಲಿ ಹೀಗೆ ಸುತ್ತುವುದು ಕಡಿಮೆ. ಪೈಪುಗಳನ್ನು ಜೋಡಿಸಿಯೇ, ಹಿಂದೆ ಮುಂದೆ ಮಡಚಿ ಪದರ ಪದರವಾಗಿ ಇಡುತ್ತಾರೆ. ಎಳೆಯುವಾಗ ಕಪ್ಲಿಂಗ್ ತಿರುಗಿ ಸಿಕ್ಕಿಕೊಳ್ಳಬಾರದೆಂದು ಬೇಕಾದಲ್ಲಿ ಒಂದು ಗಿಡ್ಡ ಮಡಿಕೆ ಹಾಕುತ್ತಾರೆ. ಆಗಾಗ ಎಲ್ಲ ತೆಗೆದು, ಮಡಿಕೆಯ ಜಾಗ ಬದಲಿಸಿ ಮತ್ತೆ ತುಂಬುತ್ತಾರೆ. ಒಂದೇ ಕಡೆ ಮಡಿಚಿದ್ದರೆ ಅಲ್ಲೇ ಸವೆದು ಬಿರಿಯುತ್ತದೆ.

ಅಮ್ಮ ರೇಷ್ಮೆ ಸೀರೆಗಳನ್ನು ಬೀರುವಿನಿಂದ ತೆಗೆದು ಮಡಿಕೆ ಬದಲಿಸುತ್ತಿದ್ದದ್ದು ನೆನಪಾಯಿತು. ಜರಿ ಸೀಳಬಾರದು ಅಂತ. ಮನೆಗೆ ಬಂದವಳೇ ಅವಳ ಮೈಸೂರು ರೇಷ್ಮೆ ಹೊರಗೆ ತೆಗೆದಿದ್ದೇನೆ. ಎಷ್ಟು ವರ್ಷವಾಯಿತೋ ಅದನ್ನು ಬಿಚ್ಚಿ.