ದುಡ್ಡೆಲ್ಲ ಎಲ್ಲಿಗೆ ಹೋಗ್ತದೆ?

ನಾನು ಶಿವಮೊಗ್ಗದ ಒಂದು ಅಪಾರ್ಟ್‌ಮೆಂಟಿನ ಮ್ಯಾನೇಜರ್. ಸಂಬಳ ಕೊಡೋದು ಮನೆ ಮಾಲೀಕರ ಸಂಘ. ಮದುವೆ ಊಟದ ಪಂಕ್ತಿಯಲ್ಲಿ, ಗಾಂಧಿ ಬಜಾರಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ನನಗೆ ಬಂದ ಪ್ರಶ್ನೆ ಒಂದೇ. "ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ತೀವಲ್ಲ, ಆ ದುಡ್ಡೆಲ್ಲ ಎಲ್ಲಿಗೆ ಹೋಗ್ತದೆ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವ ಧಾಟಿ ನೋಡಿ. "ಎಷ್ಟು ಖರ್ಚಾಗ್ತದೆ" ಅಂತ ಯಾರೂ ಕೇಳಲ್ಲ. "ಎಲ್ಲಿಗೆ ಹೋಗ್ತದೆ" ಅಂತಲೇ ಕೇಳೋದು. ದುಡ್ಡಿಗೆ ಕಾಲು ಬಂದು, ರಾತ್ರೋರಾತ್ರಿ ನಮ್ಮನೆ ಕಡೆ ಹೊರಟಿದೆ ಅನ್ನೋ ಹಾಗೆ. ಮೇಲಿಂದ "ಸುಮ್ನೆ ಕೇಳಿದೆ" ಅಂತ ಒಂದು ನಗು ಬೇರೆ.

ಸರಿ, ಹೇಳ್ತೀನಿ. 48 ಮನೆ. ಮನೆಗೆ ತಿಂಗಳಿಗೆ 2,500 ರೂಪಾಯಿ. ಒಟ್ಟು 1,20,000 ಬರುತ್ತದೆ. ಅಂದರೆ, ಬರಬೇಕು. ಕೆಲವರದ್ದು ಮುಂದಿನ ತಿಂಗಳು ಬರುತ್ತದೆ, ಇಬ್ಬರದ್ದು ಯುಗಾದಿಗೆ. ಮೂವರು ಸೆಕ್ಯುರಿಟಿಯವರು, ಗುಡಿಸಿ ಒರೆಸುವ ಇಬ್ಬರು, ಇವರ ಸಂಬಳಕ್ಕೇ ಅರ್ಧಕ್ಕಿಂತ ಜಾಸ್ತಿ. ಪಂಪು, ಲಿಫ್ಟು, ಮೆಟ್ಟಿಲ ದೀಪದ ಕರೆಂಟ್ ಬಿಲ್ಲು. ಲಿಫ್ಟ್ ರಿಪೇರಿಯ ವರ್ಷದ ಕಾಂಟ್ರಾಕ್ಟು. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದಾಗ ಜನರೇಟರಿಗೆ ಡೀಸೆಲ್. ಆಮೇಲೆ ನನ್ನ ಸಂಬಳ. ಅದು ಎಷ್ಟು ಅಂತ ಪಿಸುಗುಟ್ಟಬೇಡಿ, ನೋಟಿಸ್ ಬೋರ್ಡಿನಲ್ಲೇ ಇದೆ. ಪ್ರತಿ ತಿಂಗಳ ಲೆಕ್ಕ ಅಲ್ಲೇ ಹಾಕುತ್ತೇನೆ. ಆದರೆ ಜನ ಅಲ್ಲಿ ನಿಲ್ಲೋದು ಪಕ್ಕದ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳೋಕೆ. ಇನ್ನು ಜಿಎಸ್‌ಟಿ. ಅದರ ಮಾತು ಬರೋದು ಒಬ್ಬರ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿದ ಮೇಲೆ. ನಾವು ಆ ಊರಿಗೆ ಇನ್ನೂ ಬಸ್ಸೇ ಹತ್ತಿಲ್ಲ.

ಲೆಕ್ಕ ಇಷ್ಟೇ. ಆದರೆ ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯೋಕೆ ಶುರುವಾಗಿದ್ದು ಅಡಿಕೆಯಿಂದ.

ಎರಡು ವರ್ಷದ ಹಿಂದೆ, ಕೊಯ್ಲು ಮುಗಿಯೋ ಹೊತ್ತಿಗೆ, ಮೂರನೇ ಮಹಡಿಯ ಒಬ್ಬರು ಊರಿನ ತೋಟದಿಂದ ನಾಲ್ಕು ಚೀಲ ಹಣ್ಣಡಿಕೆ ತಂದು ಟೆರೇಸಿನಲ್ಲಿ ಹರವಿದರು. ಸಿಪ್ಪೆಗೋಟು ಮಾಡೋಕೆ. "ಎರಡು ದಿನ ಅಷ್ಟೇ ಮ್ಯಾನೇಜರ್ರೇ" ಅಂದರು. ನಾನೂ ಮಲೆನಾಡಿನವನೇ. ಸಿಪ್ಪೆ ಸಮೇತ ಹಣ್ಣಡಿಕೆ ಒಣಗೋಕೆ ನಲವತ್ತು ದಿನ ಬೇಕು ಅಂತ ನನಗೆ ಗೊತ್ತಿಲ್ವಾ? ಬೇಡ ಅಂದೆ. "ಟೆರೇಸ್ ನಂದೂ ಹೌದು, ದುಡ್ಡು ಕೊಟ್ಟು ತಗೊಂಡಿದೀನಿ" ಅಂದರು. ನನ್ನ ತಪ್ಪೂ ಇದೆ. ಆ ಅಡಿಕೆ ವಾಸನೆಗೆ ನಮ್ಮಜ್ಜನ ಅಂಗಳ ನೆನಪಾಗಿ ಸ್ವಲ್ಪ ಮೆತ್ತಗಾದೆ.

ಅಡಿಕೆ ಒಣಗಿತು, ಹೋಯಿತು. ಜೂನ್‌ನಲ್ಲಿ ಆರಿದ್ರಾ ಮಳೆ ಹಿಡಿದ ಮೂರನೇ ದಿನ ನಾಲ್ಕನೇ ಮಹಡಿಯಿಂದ ಫೋನ್. ರೂಮಿನ ಸೀಲಿಂಗಿನಲ್ಲಿ ದೋಸೆ ಅಗಲದ ಕಲೆ. ಮೇಲೆ ಹೋಗಿ ನೋಡಿದರೆ ಟೆರೇಸಿನಲ್ಲಿ ಪಾದ ಮುಳುಗುವಷ್ಟು ನೀರು. ಪೈಪಿನ ಬಾಯಿಯ ಜಾಳಿ ಎದ್ದುಹೋಗಿತ್ತು. ಪ್ಲಂಬರ್ ಭುಜದವರೆಗೆ ಕೈ ಇಳಿಸಿ ಒಂದೊಂದೇ ತೆಗೆದು ನನ್ನ ಕೊಡೆ ಪಕ್ಕ ಸಾಲಾಗಿ ಇಟ್ಟ. ನೀರು ಕುಡಿದು ಊದಿದ, ಕಪ್ಪಾದ, ನಾರು ಕೆದರಿದ ಅಡಿಕೆ. ಎಣಿಸಿದೆ. 17.

"ಬಿಲ್ಡರ್ ಹತ್ರ ಮಾಡಿಸ್ರಿ" ಅಂದರು ಒಬ್ಬರು. ಮನೆ ಕೊಂಡವರ ಹಿತ ಕಾಯೋಕೆ ರೇರಾ ಅಂತ ಒಂದು ಕಾಯ್ದೆ ಇದೆ. ಅದರ ಪ್ರಕಾರ, ಮನೆ ಕೈಗೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ ದುಡ್ಡು ಕೇಳದೆ ಸರಿ ಮಾಡಬೇಕು, ನಿಜ. ನಮ್ಮ ಐದು ವರ್ಷ ಮುಗಿದಿತ್ತು. ಮುಗಿಯದಿದ್ದರೂ, ಪೈಪಿಗೆ ಅಡಿಕೆ ಹಾಕಿದ್ದು ಬಿಲ್ಡರ್ ಅಲ್ಲವಲ್ಲ.

ವಾಟರ್ ಪ್ರೂಫಿಂಗ್ ಖರ್ಚಿಗೆ ಮೀಟಿಂಗ್ ಕರೆದೆ. ಕೆಳಗಿನ ಮನೆಯವರು ಎದ್ದು ನಿಂತರು. "ನಾವು ಲಿಫ್ಟ್ ಹತ್ತಲ್ಲ, ಟೆರೇಸಿಗೆ ಕಾಲಿಡಲ್ಲ. ನಾವ್ಯಾಕೆ ಕೊಡಬೇಕು?" ಇದಕ್ಕೆ ಉತ್ತರ 1972ರಲ್ಲೇ ಬರೆದಿಟ್ಟಾಗಿದೆ. ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆಯಲ್ಲಿ, ಎಲ್ಲರಿಗೂ ಸೇರಿದ ಜಾಗವನ್ನು ನಾನು ಬಳಸಲ್ಲ ಅಂದ ಮಾತ್ರಕ್ಕೆ ಖರ್ಚಿನ ಪಾಲು ತಪ್ಪಿಸಿಕೊಳ್ಳೋಕೆ ಬರಲ್ಲ. ಆ ಜಾಗವನ್ನು ಪಾಲು ಮಾಡಿ ಕೊಡಿ ಅಂತ ಕೇಳೋಕೂ ಬರಲ್ಲ. ಅಡಿಕೆ ಹರವುವಾಗ ಟೆರೇಸ್ "ನಂದೂ ಹೌದು". ಸೋರಿದಾಗ "ನಂಗೂ ಅದಕ್ಕೂ ಏನು ಸಂಬಂಧ". ಈ ಎರಡು ಮಾತಿನ ಮಧ್ಯೆ ಒಂದು ಕುರ್ಚಿ ಹಾಕಿದ್ದಾರೆ. ಅದರಲ್ಲಿ ಕೂರೋನು ನಾನು.

ಆ ಮೀಟಿಂಗಿನಲ್ಲೂ ಕೊನೆಗೆ ಬಂದಿದ್ದು ಅದೇ. "ಅಲ್ಲ, ಇಷ್ಟು ದಿನ ಕಟ್ಟಿದ ದುಡ್ಡೆಲ್ಲ ಎಲ್ಲಿಗೆ ಹೋಯ್ತು?" ಕೇಳಿದ್ದು ಯಾರು ಅಂತೀರಿ? ನಾಲ್ಕು ಚೀಲದ ಮಹಾಶಯರು.

ಮಲೆನಾಡಿನವರಿಗೆ ಮನೆ ನೋಡಿಕೊಳ್ಳೋದು ಗೊತ್ತಿಲ್ಲ ಅಂತ ನಾನು ಹೇಳಲ್ಲ. ಮೇ ತಿಂಗಳಲ್ಲಿ ಸೌದೆ ಒಟ್ಟಿ, ಹೆಂಚು ಕೈಯಾಡಿಸಿ, ಅಂದರೆ ಒಡೆದದ್ದು ಬದಲಿಸಿ ಜಾರಿದ್ದು ಕೂರಿಸಿ, ಜಗಲಿಗೆ ಇರಿಚಲು ತಡೆಯೋ ತಟ್ಟಿ ಕಟ್ಟಿದವರೇ ಎಲ್ಲರೂ. ಫ್ಲಾಟಿಗೆ ಬಂದ ಮೇಲೆ ಮಳೆಗಾಲ ಅನ್ನೋದು ಮ್ಯಾನೇಜರ್ ಕೆಲಸ ಆಗಿಬಿಡುತ್ತದೆ. ಸೀಲಿಂಗಿನಲ್ಲಿ ಕಲೆ ಬಿದ್ದ ಮೇಲೆ ಹತ್ತು ಫೋನು. ಅದಕ್ಕೆ ಮುಂಚೆ ಒಂದೂ ಇಲ್ಲ.

ಇಲ್ಲ, ಒಂದು ಬಂದಿದೆ. ಈ ಮೇನಲ್ಲಿ, ನಾಲ್ಕನೇ ಮಹಡಿಯ ಅಜ್ಜಿ ನನ್ನ ಆಫೀಸಿಗೇ ಇಳಿದು ಬಂದರು. ತೀರ್ಥಹಳ್ಳಿ ಕಡೆಯವರು, ಮಗನ ಜೊತೆ ಇರೋಕೆ ಬಂದವರು.

"ಮಳೆ ಹತ್ರ ಬಂತು ಮಾರಾಯ. ಹೆಂಚು ಕೈಯಾಡಿಸಿ ಆಯ್ತಾ?"

"ಇಲ್ಲಿ ಹೆಂಚಿಲ್ಲ ಅಜ್ಜಿ. ಮೇಲೆ ಪೂರ್ತಿ ಸಿಮೆಂಟು."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನೀರು ಎಲ್ಲಿಗೆ ಹೋಗ್ತದೆ?"

ಮೊಳೆಯಿಂದ ಟೆರೇಸಿನ ಬೀಗದ ಕೈ ತೆಗೆದುಕೊಂಡು ಅವರನ್ನು ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋದೆ. ನಾಲ್ಕು ಪೈಪಿನ ಬಾಯಿ ತೋರಿಸಿದೆ. ಒಂದೊಂದರ ಜಾಳಿಯನ್ನೂ ಊರುಗೋಲಿನಿಂದ ಕುಟ್ಟಿ ನೋಡಿದರು. ಮೂರನೆಯದರ ಹತ್ತಿರ ನಿಂತು, "ಇದು ಅಲ್ಲಾಡ್ತದೆ" ಅಂದರು.

ಬಗ್ಗಿ ನೋಡಿದೆ. ಅಲ್ಲಾಡುತ್ತಿತ್ತು.