ಉತ್ತರದ ಗೋಡೆ ಕೊನೆಗೂ ಒಣಗಿತು: ಎಫ್‌ಎಚ್‌ಎ ಅಪ್ರೈಸಲ್ ಮತ್ತು ಸಿಪ್ಪೆ ಏಳುವ ಬಣ್ಣ

ನಾವು ಮಾರುತ್ತಿರುವ ಮನೆಯ ಮರುತಪಾಸಣೆ ಪಾಸ್! ಕೊಳ್ಳುವವರ ಸಾಲಕ್ಕಾಗಿ ಮನೆ ನೋಡಿ ಬೆಲೆ ಕಟ್ಟುವ ಅಪ್ರೈಸರ್ ಬಂದು ಉತ್ತರದ ಗೋಡೆ, ಗ್ಯಾರೇಜಿನ ಕಿಟಕಿ ಚೌಕಟ್ಟು, ಬೇಸ್‌ಮೆಂಟ್ ಮೆಟ್ಟಿಲಿನ ಹೊಸ ಹ್ಯಾಂಡ್‌ರೇಲ್ ಎಲ್ಲದರ ಫೋಟೊ ತೆಗೆದುಕೊಂಡು ಹೋದರು. ದುರಸ್ತಿ ಮುಗಿದಿದೆ ಎನ್ನುವ 1004ಡಿ ಫಾರ್ಮ್ ಬ್ಯಾಂಕಿಗೆ ಹೋಗಿದೆ. ಹ್ಯಾಂಡ್‌ರೇಲ್ ಮತ್ತು ಗ್ಯಾರೇಜಿನ ಕೆಲಸ ಎಲ್ಲರೂ ಮಾಡುವಂಥದ್ದೇ, ಅದನ್ನು ಬಿಟ್ಟುಬಿಡುತ್ತೇನೆ. ನಿದ್ದೆ ಕೆಡಿಸಿದ್ದು ಗೋಡೆ.

ಪಿಟ್ಸ್‌ಬರ್ಗಿನ ನಮ್ಮ ಮನೆ 1926ರದ್ದು. ಕೊಳ್ಳುತ್ತಿರುವ ದಂಪತಿ ಚಿಕ್ಕವರು, ಪುಟ್ಟ ಮಗು ಇದೆ, ಶೇ 3.5 ಮುಂಗಡ ಕಟ್ಟಿ ಎಫ್‌ಎಚ್‌ಎ ಸಾಲ ಮಾಡುತ್ತಿದ್ದಾರೆ. ಎಫ್‌ಎಚ್‌ಎ ಎಂಬ ಸರ್ಕಾರಿ ಸಂಸ್ಥೆ ತಾನೇ ಸಾಲ ಕೊಡುವುದಿಲ್ಲ, ಬ್ಯಾಂಕಿನ ಸಾಲಕ್ಕೆ ವಿಮೆ ಕೊಡುತ್ತದೆ. ಹಾಗಾಗಿ ಅಪ್ರೈಸರ್ ಬೆಲೆ ಕಟ್ಟಿ ಸುಮ್ಮನಾಗುವಂತಿಲ್ಲ. ಮನೆ ವಾಸಕ್ಕೆ ಸುರಕ್ಷಿತವೇ, ಭದ್ರವೇ, ಗಟ್ಟಿಯಾಗಿದೆಯೇ ಎಂದೂ ನೋಡಬೇಕು. ಛಾವಣಿ ಇನ್ನೂ ಕನಿಷ್ಠ 2 ವರ್ಷ ಬಾಳಬೇಕು, ಅಟ್ಟಕ್ಕೆ ತಲೆ-ಭುಜ ತೂರಿಸಿಯಾದರೂ ಇಣುಕಬೇಕು. ಬೆಂಗಳೂರಿನಲ್ಲಿ ತಮ್ಮ ಸಾಲ ಮಾಡಿದಾಗ ಬ್ಯಾಂಕಿನವರ ತಕರಾರೆಲ್ಲ ಖಾತಾ ಮತ್ತು ಪ್ಲಾನ್ ಮೇಲಿತ್ತು. ಬಣ್ಣ ಏಳುತ್ತಿದೆ ಎಂಬ ಕಾರಣಕ್ಕೆ ಸಾಲ ನಿಲ್ಲುತ್ತದೆ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ.

ಆದರೆ ಈ ನಿಯಮದ ಪರ ನಾನಿದ್ದೇನೆ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಬೆರೆಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆಯಲ್ಲಿ ಬಣ್ಣ ಚಕ್ಕೆ ಏಳುತ್ತಿದ್ದರೆ, ಒಳಗಾಗಲಿ ಹೊರಗಾಗಲಿ, ಗ್ಯಾರೇಜಿಗಾಗಲಿ ಬೇಲಿಗಾಗಲಿ, ಸರಿಪಡಿಸಲೇಬೇಕು. ಮಾಜಿ ಸೈನಿಕರ ವಿಎ ಸಾಲದಲ್ಲೂ ಹೀಗೆಯೇ. ಸೀಸ ಇದೆಯೋ ಇಲ್ಲವೋ ಎಂದು ಅಪ್ರೈಸರ್ ಪರೀಕ್ಷೆ ಮಾಡುವುದಿಲ್ಲ, ಚಕ್ಕೆ ಕಂಡರೆ ಬರೆಯುತ್ತಾರೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲ. ಆ ಗೋಡೆಯ ಬುಡದ ಮಣ್ಣಿನಲ್ಲಿ ನಾಳೆ ಆಡುವುದು ಅವರ ಮಗು.

ಈಗ ಸಮಸ್ಯೆಗೆ ಬರೋಣ. ಹಿಂದಿನ ಬೇಸಿಗೆಯಲ್ಲೇ ಆ ಗೋಡೆಗೆ ಕ್ರಮವಾಗಿ ಪ್ರೈಮರ್, ಮೇಲೆರಡು ಕೋಟ್ ಆಗಿತ್ತು. ಒಂದು ಚಳಿಗಾಲ ಕಳೆಯುವುದರೊಳಗೆ ಬಚ್ಚಲುಮನೆಯ ಹೊರಗೆ, ಬಾಗಿಲಗಲದ ಒಂದು ಪಟ್ಟಿಯಲ್ಲಿ ಮಾತ್ರ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎಲ್ಲವೂ ಕಳಚಿ ಬಂತು. ಚಕ್ಕೆಯ ಹಿಂಭಾಗ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮೇಲಿನ ಪದರ ಮಾತ್ರ ಎದ್ದಿದ್ದರೆ ಬಣ್ಣಕ್ಕೂ ಬಣ್ಣಕ್ಕೂ ಹೊಂದಿಲ್ಲ ಎಂದರ್ಥ. ಬರಿ ಮರದವರೆಗೆ ಅಷ್ಟೂ ಪದರ ಒಟ್ಟಿಗೆ ಬಂದಿದ್ದರೆ ಹಿಂದಿನಿಂದ ನೀರು ತಳ್ಳುತ್ತಿದೆ. ತೇವಾಂಶದ ಮೀಟರ್ ಚುಚ್ಚಿದರೆ ಆ ಪಟ್ಟಿಯಲ್ಲಿ ಶೇ 22, ಪಕ್ಕದಲ್ಲೇ ಶೇ 12. ಬಣ್ಣ ಹಿಡಿಯಬೇಕಾದರೆ ಮರ ಶೇ 15ಕ್ಕಿಂತ ಒಣಗಿರಬೇಕು.

ಛಾವಣಿಯ ಗಟರ್ ಸೋರುತ್ತಿಲ್ಲ, ಪೈಪ್ ಸೋರುತ್ತಿಲ್ಲ. ಹೊರಗೋಡೆಗೆ ಒಂದರ ಮೇಲೊಂದು ಹೊದಿಸಿದ ಕ್ಲ್ಯಾಪ್‌ಬೋರ್ಡ್ ಹಲಗೆಗಳ ಕೆಳಸಂದಿಗೆ ಕಾಕ್ (ಸಂದು ಮುಚ್ಚುವ ಅಂಟು) ತುಂಬಿಸಿ ಎಂದು ಅಂಗಡಿಯವರ ಸಲಹೆ. ದಯವಿಟ್ಟು ಯಾರೂ ಕೇಳಬೇಡಿ, ಒಳಗಿನ ನೀರು ಹೊರಬರುವ ದಾರಿಯೇ ಅದು. ಕೊನೆಗೆ ಎರಡು ಹಲಗೆ ಬಿಚ್ಚಿದೆ. ಅವುಗಳ ಹಿಂದಿನ ಒಳಪದರ, ಅಂದರೆ ಶೀತಿಂಗ್ ಹಲಗೆ, ಮೇಲಿನಿಂದ ಕೆಳಗಿನವರೆಗೆ ಕಪ್ಪು, ಮೇಲೆ ಹೋದಷ್ಟೂ ಇನ್ನೂ ಕಪ್ಪು. ಟಾರ್ಚ್ ಹಿಡಿದು ಅಟ್ಟದ ಸೂರಿನ ಮೂಲೆಗೆ ತೆವಳಿದಾಗ ಸಿಕ್ಕಿತು! ಬಚ್ಚಲಿನ ಫ್ಯಾನಿನ ಪೈಪು ಛಾವಣಿಯ ಹೊರಗೆ ಹೋಗಿಯೇ ಇರಲಿಲ್ಲ. ಹಳೆಯ ಬಲೂನ್ ಫ್ರೇಮ್ ಮನೆಯಲ್ಲವೇ, ಸ್ಟಡ್‌ಗಳ (ಗೋಡೆಯೊಳಗಿನ ನಿಲುವು ಮರಗಳ) ನಡುವಿನ ಸಂದು ಅಟ್ಟಕ್ಕೆ ತೆರೆದೇ ಇರುತ್ತದೆ. ಪೈಪಿನ ಬಾಯಿ ಅಂಥ ಒಂದು ಸಂದಿನೊಳಗೆ ಜೋತುಬಿದ್ದಿತ್ತು. ಸ್ನಾನದ ಹಬೆಯೆಲ್ಲ ಗೋಡೆಯೊಳಗೆ ಊದಿ, ಚಳಿಗೆ ನೀರಾಗಿ, ಬಣ್ಣವನ್ನು ಹೊರಗೆ ನೂಕುತ್ತಿತ್ತು. ಕಾರಣ ಕಣ್ಣಿಗೆ ಬಿದ್ದ ಆ ಕ್ಷಣ ಅಟ್ಟದಿಂದಲೇ ಹೆಂಡತಿಯನ್ನು ಕೂಗಿ ಕರೆದೆ.

ಗಟ್ಟಿ ಲೋಹದ ಪೈಪು, ಅದಕ್ಕೆ ಇನ್ಸುಲೇಶನ್, ಛಾವಣಿಯ ಮೇಲೆ ಮುಚ್ಚಳ. ಗೋಡೆ ತೆರೆದಿಟ್ಟು ಫ್ಯಾನ್ ಹಾಕಿ, ಮೀಟರ್ ಶೇ 13 ತೋರಿಸುವವರೆಗೆ ಕಾದೆವು. ಸೀಸ ಪತ್ತೆಗೆ ಬಣ್ಣಕ್ಕೆ ಉಜ್ಜುವ ಸ್ವಾಬ್ ಕೆಂಪಾಗಿತ್ತು, ಅಂದರೆ ಸೀಸ ಖಚಿತ. ವಾಸವಿರುವ ಮಾಲೀಕರೇ ಮಾಡಿಕೊಳ್ಳುವ ಕೆಲಸಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಪ್ರಮಾಣಪತ್ರ ಬೇಕಿಲ್ಲ. ಆದರೂ ನೆಲಕ್ಕೆ ದಪ್ಪ ಪ್ಲಾಸ್ಟಿಕ್, ನೀರು ಚಿಮುಕಿಸಿಯೇ ಕೆರೆಯುವುದು, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ವ್ಯಾಕ್ಯೂಮ್, ಇವುಗಳಲ್ಲಿ ಒಂದನ್ನೂ ಬಿಡಲಿಲ್ಲ. ಒಣ ಸ್ಯಾಂಡಿಂಗ್ ಮತ್ತು ಬೆಂಕಿಯ ಟಾರ್ಚ್ ಹತ್ತಿರಕ್ಕೂ ಬರಬಾರದು.

ಬಿಚ್ಚಿದ ಹಲಗೆಗಳ ಬದಲು ಹೊಸದು ಕೊಡಬೇಕಿದ್ದ ಮರದ ಅಂಗಡಿಯವರ ಕಥೆ ಬೇರೆ. ಗಂಟಿಲ್ಲದ, ನೇರ ಎಳೆಯ ಸೀಡರ್ ಕೇಳಿದರೆ ತುಂಡು ಜೋಡಿಸಿದ ಪೈನ್ ಬಂತು. ವಾಪಸ್ ಕಳಿಸಿದೆ. ಎರಡನೇ ಸಲ ಸೀಡರ್ ಬಂತು, ಆದರೆ ದಪ್ಪ ಹೊಂದುವುದಿಲ್ಲ! ಸಾಲದ ಗಡುವು ಓಡುತ್ತಿರುವಾಗ, ರಾತ್ರಿಯ ಚಳಿ ಹೆಚ್ಚುತ್ತಿರುವಾಗ ಇಂಥ ಅಸಡ್ಡೆ ನನ್ನ ಮೈ ಉರಿಸುತ್ತದೆ. ಸರಿಯಾದ ಹಲಗೆ ಬಂದ ಮೇಲೆ ಹಿಂಭಾಗಕ್ಕೂ ತುದಿಗಳಿಗೂ ಆಯಿಲ್ ಪ್ರೈಮರ್ ಬಳಿದು ಗೋಡೆಗೆ ಮೊಳೆ ಹೊಡೆದೆ. ಮೇಲೆ ಎರಡು ಕೋಟ್ ಅಕ್ರಿಲಿಕ್.

ಈ ಕೆಲಸದ ನಡುವೆ ಶಿರಸಿಯ ಅಜ್ಜನ ಮನೆ ತಲೆಯೊಳಗೆ ಕೂತುಬಿಟ್ಟಿದೆ. ಅಲ್ಲಿನ ಹಲಸಿನ ಮರದ ಬಾಗಿಲುಗಳಿಗೆ ಎಷ್ಟೋ ದಶಕಗಳ ಹಸಿರು ಆಯಿಲ್ ಪೇಂಟ್ ಇದೆ. ಭಾರತದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಅಲ್ಲಿ ಕೇಳುವ ಅಪ್ರೈಸರ್ ಯಾರೂ ಇಲ್ಲ, ಆದರೆ ಚಿಕ್ಕಪ್ಪನ ಮೊಮ್ಮಕ್ಕಳು ಆ ಬಾಗಿಲು ಹಿಡಿದುಕೊಂಡೇ ನಡೆಯಲು ಕಲಿಯುತ್ತಿದ್ದಾರೆ. ಮುಂದಿನ ರಜೆಗೆ ಸ್ವಾಬ್, ಸ್ಕ್ರೇಪರ್, ಮಾಸ್ಕ್ ಸೂಟ್‌ಕೇಸಿನಲ್ಲಿರುತ್ತವೆ. ಮಳೆಗಾಲ ಬಿಟ್ಟು ಹೋಗಬೇಕು, ಮಲೆನಾಡಿನ ಜುಲೈನಲ್ಲಿ ಮೀಟರ್ ಶೇ 15ಕ್ಕೆ ಇಳಿಯುವ ಮಾತೇ ಇಲ್ಲ.

ಸೀಡರ್ ಹಲಗೆ ಒಂದಿಷ್ಟು ಉಳಿದಿದೆ, ಪ್ರೈಮರ್ ಬಳಿದೇ ಇಟ್ಟಿದ್ದೇನೆ. ಪಿಟ್ಸ್‌ಬರ್ಗ್ ಸುತ್ತಮುತ್ತ ಹಳೇ ಮನೆ ಕಟ್ಟಿಕೊಂಡು ಹೆಣಗುತ್ತಿರುವವರು ಬಂದು ಒಯ್ಯಬಹುದು. ಮೀಟರನ್ನು ಮಾತ್ರ ಕೊಡುವುದಿಲ್ಲ, ಶಿರಸಿಗೆ ಬೇಕು.