ಕರಿಬೇವಿನ ಗಿಡದ ಪುಟ್ಟ ಬಾಡಿಗೆದಾರರು

ಮೂರು ದಿನದ ಜಡಿಮಳೆ ಇವತ್ತು ಸ್ವಲ್ಪ ಹೊಳವಾಯಿತು. ತೀರ್ಥಹಳ್ಳಿಯ ನಮ್ಮ ಹಿತ್ತಲಿಗೆ ಕರಿಬೇವು ಕೊಯ್ಯಲು ಹೋದೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗಿತ್ತು. ಬಗ್ಗಿ ನೋಡಿದರೆ ಚಿಟ್ಟೆಯ ಮರಿಹುಳ! ಚಿಕ್ಕದಿದ್ದಾಗ ಹಕ್ಕಿಗಳ ಕಣ್ಣು ತಪ್ಪಿಸಲು ಈ ವೇಷ. ಬೆಳೆದ ಮೇಲೆ ಎಲೆಯಷ್ಟೇ ಹಸಿರು. ಪಕ್ಕದ ನಿಂಬೆ ಗಿಡದಲ್ಲೂ ಎರಡು ಇದ್ದವು.

ಮೊದಲೆಲ್ಲ ಇವು ಕಂಡರೆ ಔಷಧಿ ಹೊಡೆಯುತ್ತಿದ್ದೆವು. ಎರಡು ವರ್ಷದಿಂದ ಬಿಟ್ಟಿದ್ದೇವೆ. ತರಗೆಲೆಯನ್ನೂ ಸುಡುವುದಿಲ್ಲ, ಸುಮ್ನೆ ಮೂಲೆಗೆ ಗುಡ್ಡೆ ಹಾಕುತ್ತೇವೆ. ಅಲ್ಲೀಗ ಕಪ್ಪೆಗಳು ಜಾಸ್ತಿ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ.

ಬೇಲಿಗೆ ಈಶ್ವರಬಳ್ಳಿ ಹಬ್ಬಿಸಿದ್ದೇನೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಬಳ್ಳಿ ಮತ್ತು ಇದರ ಬಳಗದ ಗಿಡಗಳ ಮೇಲೆ. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಇರುತ್ತದೆ! ಇನ್ನೂ ಬಂದಿಲ್ಲ. ದಿನಾ ಹೋಗಿ ನೋಡುತ್ತೇನೆ.

ಈ ಕರಿಬೇವು ನಮಗೆ ಒಗ್ಗರಣೆಗೆ ನಾಲ್ಕು ಎಲೆ. ಆ ಹುಳಕ್ಕೆ ಪೂರ್ತಿ ಬದುಕು, ಅಲ್ವಾ?

"ಎಷ್ಟು ಹೊತ್ತು ಮಾರಾಯ್ತಿ?" ಅಂತ ಅಮ್ಮ ಕರೆದರು. ಆಮೇಲೆ ಅವರೇ ಬಂದು ಬಗ್ಗಿ ನೋಡಿದರು. "ಆ ಕೊಂಬೆ ಬಿಡು, ಈಚೆಯದು ಕೊಯ್ಯಿ" ಅಂದರು.